ಮೇ ಐದರ ಸಹಿ

ಐತ್ ಇಸ್ಲಿ, ಮೇ 21

ಪ್ರೀತಿಯ ತಂಗಿ ಯಾಮ್ನಾಗೆ,

ಮೊದಲು ದೇವರ ಹೆಸರು, ಆಮೇಲೆ ನಿನ್ನದು. ನೀನು, ನಿನ್ನ ಗಂಡ, ಮಕ್ಕಳು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ನಗುತ್ತೀಯ. ಐವತ್ತೇಳನೇ ವಯಸ್ಸಿನಲ್ಲಿ ಮಸೀದಿಯ ತರಗತಿಯಲ್ಲಿ ಎರಡು ಚಳಿಗಾಲ ಕೂತು ಕಲಿತ ಅಕ್ಷರ ಇದು. ಇದನ್ನು ಬಿಟ್ಟು ಗಾಳಿಯಲ್ಲಿ ಮಾತಾಡಲು ನನಗೆ ಮನಸ್ಸಿಲ್ಲ.

ಒಂದು ಕಷ್ಟ ಬಂದಿದೆ. ಝಾತರ್ ಗುಡ್ಡ ನಿನಗೆ ಗೊತ್ತು. ನನ್ನ ಗಂಡ ಇದ್ದಾಗಿನಿಂದ ನಮ್ಮ ಜೇನುಪೆಟ್ಟಿಗೆಗಳು ಅಲ್ಲೇ ಇವೆ. ಗುಡ್ಡ ಮಾತ್ರ ಮೈದುನ ಅಸ್ಸೂನದು. ಮಾರಿದರೆ ನಿನಗೇ ಅತ್ತಿಗೆ ಎಂದಿದ್ದ. ಅದಕ್ಕೆಂದೇ ಒಂಬತ್ತು ವರ್ಷದ ಜೇನು ಮಾರಿ ನಲವತ್ತು ಸಾವಿರ ದಿರ್ಹಮ್ ಕೂಡಿಸಿದ್ದೆ.

ಈ ವಸಂತದಲ್ಲಿ ವಿಮೆ ಕಂಪನಿಯವನೊಬ್ಬ ಮನೆಗೆ ಬಂದ. "ಗೋಡೆ ಗೂಡಲ್ಲಿ ದುಡ್ಡು ಇಟ್ರೆ ಇಲಿ ತಿನ್ನುತ್ತೆ ದೊಡ್ಡಮ್ಮ. ನಮ್ಮಲ್ಲಿಟ್ರೆ ಬೆಳೆಯುತ್ತೆ. ಇದೊಂದು ಹುಂಡಿ ಅಂದ್ಕೊಳ್ಳಿ. ಬೇಕಾದಾಗ ಕೈ ಹಾಕಿ ತೆಗೀರಿ" ಎಂದ. ಕೊಟ್ಟೆ. ಆಮೇಲೆ ದಪ್ಪ ಕರಾರುಪತ್ರ ತಂದುಕೊಟ್ಟ. ಮುಟ್ಟಿತು ಎಂಬ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಲು ಮಸಿ ತೆಗೆದ. ನಾನು ಬೇಡ ಎಂದು ಪೆನ್ನು ತೆಗೆದುಕೊಂಡೆ. ಹೆಸರನ್ನೂ ತಾರೀಖನ್ನೂ ನಾನೇ ಬರೆದೆ. ಎಷ್ಟು ಹೆಮ್ಮೆಪಟ್ಟೆ ಗೊತ್ತಾ!

ಈಗ ಅಸ್ಸೂ ಗುಡ್ಡ ಮಾರುತ್ತಿದ್ದಾನೆ. ಮೆಕ್ನೆಸ್‌ನಿಂದ ಸೇಬಿನ ತೋಟದವನೊಬ್ಬ ಕೇಳಿಕೊಂಡು ಬಂದಿದ್ದಾನೆ. ಅವನು ಕೊಂಡರೆ ನೊಣಗಳು ಜೇನು ಹೀರುವ ಝಾತರ್ ಪೊದೆಗಳನ್ನು ಕಿತ್ತು ಸೇಬು ಹಾಕಿ, ಔಷಧಿ ಹೊಡೆಯುತ್ತಾನೆ. ಒಂದು ನೊಣವೂ ಉಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಅಕ್ರೋಟು ಬಡಿಯುವವರೆಗೆ ಕಾಯ್ತೀನಿ ಎಂದಿದ್ದಾನೆ ಅಸ್ಸೂ. ನಾನು ಪಟ್ಟಣಕ್ಕೆ ಹೋಗಿ ಕಂಪನಿಯ ಕಿಟಕಿಯಲ್ಲಿ ದುಡ್ಡು ಕೇಳಿದೆ. ಅಲ್ಲಿದ್ದವನು, "ಅಮ್ಮಾ, ಇದು ಹದಿನೈದು ವರ್ಷದ ವಿಮೆ. ಪ್ರತಿ ವರ್ಷ ನಲವತ್ತು ಸಾವಿರ ಕಟ್ಟಬೇಕು. ಈಗ ಬಿಟ್ರೆ ಏನೂ ಸಿಗಲ್ಲ" ಎಂದ.

"ಹದಿನೈದು ವರ್ಷ ನಾನಿರ್ತೀನೇನಪ್ಪಾ?" ಎಂದೆ.

"ಇರಲ್ಲ ಅಂತ್ಲೇ ಅಲ್ವಾ ಅಮ್ಮಾ ವಿಮೆ ಮಾಡ್ಸೋದು?" ಎಂದು ಅವನೂ ಅವನ ಪಕ್ಕದವನೂ ನಕ್ಕರು.

ನೀನು ಓದಿದವಳು. ಏನು ಮಾಡಲಿ ಹೇಳು.

ನಿನ್ನ ಅಕ್ಕ, ತೂದಾ


ತಾಂಜಾ, ಜೂನ್ 8

ಅಕ್ಕಾ,

ನಿನ್ನ ಕಾಗದದ ಮೇಲೆ ಮೇ 21 ಎಂದಿದೆ, ನನಗೆ ಸಿಕ್ಕಿದ್ದು ನಿನ್ನೆ. ಹದಿನೇಳು ದಿನ! ನಿಮ್ಮ ಅಂಚೆಯವನು ಆಮೆಯ ಮೇಲೆ ಕೂತು ಬರುತ್ತಾನೆಯೇ?

ಬೈಯುವುದನ್ನು ಆಮೇಲೆ ಬೈಯುತ್ತೇನೆ. ಮೊದಲು ಕೆಲಸ. ನನ್ನ ಶಾಲೆಯ ಲೆಕ್ಕದ ಮೇಷ್ಟ್ರಿಗೂ ಇದೇ ಕಂಪನಿಯ ಕರಾರು ಇದೆ. ರಾತ್ರಿಯೆಲ್ಲ ಅದನ್ನು ಓದಿದೆ. ಹನ್ನೊಂದನೇ ಪುಟ, ಮಧ್ಯದ ಪ್ಯಾರಾ. ಕರಾರು ಕೈಗೆ ಬಂದ ದಿನದಿಂದ ಮೂವತ್ತು ದಿನದೊಳಗೆ, ಕೊಂಡವರು ಬೇಡ ಎಂದರೆ ಕಂಪನಿ ಕಾರಣ ಕೇಳುವ ಹಾಗಿಲ್ಲ, ಕಟ್ಟಿದ್ದನ್ನು ಪೂರ್ತಿ ವಾಪಸು ಕೊಡಬೇಕು. ಕಿಟಕಿಯವನು ನಿನಗೆ ಇದನ್ನು ಹೇಳಲಿಲ್ಲ. ಹೇಳಬೇಕಿತ್ತು. ಅವನು ನಕ್ಕದ್ದಕ್ಕಿಂತ ಹೇಳದೇ ಇದ್ದದ್ದು ದೊಡ್ಡ ತಪ್ಪು.

ಕರಾರು ಕೈಗೆ ಬಂದ ದಿನ ಯಾವುದೆಂದು ನೀನು ಬರೆದಿಲ್ಲ. ಮೂವತ್ತು ದಿನ ಮುಗಿದಿಲ್ಲವಾದರೆ ನೀನು ಗೆದ್ದಂತೆ. ಈ ಕಾಗದ ಸಿಕ್ಕ ದಿನವೇ ಓಡು. "ನನಗೆ ಈ ಕರಾರು ಬೇಡ, ನನ್ನ ಹಣ ಕೊಡಿ" ಎಂದು ಎರಡೇ ಸಾಲು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಚೀಟಿಯನ್ನು ಜೋಪಾನ ಮಾಡು.

ಇನ್ನೊಂದು. ಹುಂಡಿ ಎಂದು ಹೇಳಿ ಮಾರಿದವನ ಹೆಸರೇನು? ಅಂಥವನ ಮುಖಕ್ಕೆ ಸಂತೆಯಲ್ಲಿ ನಿಂತು ಉಗಿಯಬೇಕು. ಅವನ ತಾಯಿಗೂ ಗೊತ್ತಾಗಲಿ ಮಗ ಏನು ಮಾಡುತ್ತಿದ್ದಾನೆ ಎಂದು.

ನಿನ್ನ ಯಾಮ್ನಾ


ಐತ್ ಇಸ್ಲಿ, ಮೇ 31

ತಂಗೀ,

ಕಳಿಸಿದೆ! ನಿನ್ನೆಯೇ. ನಿನ್ನ ಕಾಗದ ಬಂದಾಗ ಜೇನಿನ ಹೊಗೆಡಬ್ಬಿ ಕೈಯಲ್ಲಿತ್ತು. ಅಲ್ಲೇ ಇಟ್ಟು ಟ್ಯಾಕ್ಸಿ ಹತ್ತಿದೆ. ಕರಾರು ನನ್ನ ಕೈಗೆ ಬಂದದ್ದು ಮೇ ಐದಕ್ಕೆ. ಅವತ್ತಿನಿಂದ ದಿನಕ್ಕೊಂದು ಬಟಾಣಿ ಇಟ್ಟು ಎಣಿಸಿದೆ, ಇಪ್ಪತ್ತೈದು ಬಂತು. ಇನ್ನೂ ಐದು ಕಾಳು ಉಳಿದಿದೆ ಎಂದು ಸಾರಿಗೆ ಹಾಕಿಬಿಟ್ಟೆ.

ಬಂದವನ ಹೆಸರು ಮರೆತುಹೋಗಿದೆ. ವಯಸ್ಸಾಯಿತಲ್ಲ.

ತೂದಾ


ಐತ್ ಇಸ್ಲಿ, ಜೂನ್ 15

ಪ್ರೀತಿಯ ಯಾಮ್ನಾ,

ಕಂಪನಿಯಿಂದ ಉತ್ತರ ಬಂತು. ತರಗತಿಯಲ್ಲಿ ಎಲ್ಲರ ಮುಂದೆ ಒಡೆದು ನಾನೇ ಗಟ್ಟಿಯಾಗಿ ಓದಲು ಶುರುಮಾಡಿದೆ. ಎರಡನೇ ಸಾಲಿಗೆ ದನಿ ಇಳಿಯಿತು. ಎಂಟು ದಿನ ತಡವಾಗಿದೆಯಂತೆ. ಹಣ ಕೊಡುವುದಿಲ್ಲವಂತೆ. ಮುಂದಿನ ವರ್ಷದ ಕಂತನ್ನು ತಪ್ಪದೆ ಕಟ್ಟಬೇಕಂತೆ.

ಇಪ್ಪತ್ತೈದನೇ ದಿನ ಕಳಿಸಿದ್ದು ಎಂಟು ದಿನ ತಡ ಹೇಗಾಗುತ್ತದೆ? ನಮ್ಮಿಬ್ಬರಲ್ಲಿ ಯಾರಿಗೋ ಎಣಿಸಲು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹದ್ಹೂಮ್ ಮುದುಕಿ, "ಹೆಬ್ಬೆಟ್ಟು ಒತ್ತಿದ್ರೆ ಏನೂ ಆಗ್ತಿರ್ಲಿಲ್ಲ. ಬರೆಯೋಕೆ ಹೋಗಿ ಸಿಕ್ಕಿಹಾಕ್ಕೊಂಡೆ ನೋಡು" ಎಂದಳು. ಅವಳು ತಮಾಷೆಗೆ ಅಂದದ್ದು. ಆದರೂ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ಅಸ್ಸೂ ಮೊನ್ನೆ ಸೇಬಿನವನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಅವನು ನನ್ನ ಪೆಟ್ಟಿಗೆಗಳನ್ನು ಹೆಜ್ಜೆಯಲ್ಲಿ ಅಳೆಯುತ್ತಾ ಓಡಾಡಿದ.

ಕಂಪನಿಯ ಕಾಗದ, ಕರಾರು, ಮುಟ್ಟಿದ ಚೀಟಿಯ ನಕಲು, ಅಂಚೆ ಚೀಟಿ ಎಲ್ಲವನ್ನೂ ಇದರ ಜೊತೆ ಕಳಿಸಿದ್ದೇನೆ. ನೋಡು.

ತೂದಾ


ತಾಂಜಾ, ಜುಲೈ 3

ಅಕ್ಕಾ,

ನೋಡಿದೆ. ನೋಡಬಾರದಿತ್ತು.

ಮುಟ್ಟಿದ ಚೀಟಿಯಲ್ಲಿ ನಿನ್ನದೇ ಕೈಬರಹ, ಮೇ 5. ಅಂಚೆ ಚೀಟಿಯ ಮೇಲೆ ಠಸ್ಸೆ, ಜೂನ್ 12. ಮಧ್ಯೆ ಮೂವತ್ತೆಂಟು ದಿನ. ಕಂಪನಿಯವರ ಲೆಕ್ಕ ಸರಿಯಾಗಿದೆ. ಇಪ್ಪತ್ತೈದು ಕಾಳು, ಸಾರು ಎಂದೆಲ್ಲ ನನಗೆ ಯಾಕೆ ಕಥೆ ಹೇಳಿದೆ? ನನ್ನ ಕಾಗದ ಬಂದ ದಿನ ಹೋಗಲಾಗಲಿಲ್ಲ ಎಂದಿದ್ದರೆ ನಾನೇನು ನಿನ್ನನ್ನು ತಿಂದುಬಿಡುತ್ತಿದ್ದೆನೇ? ಚಿಕ್ಕವಳಿದ್ದಾಗ ಹಾಲು ಉಕ್ಕಿಸಿ ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಿದ್ದವಳು ನಾನು, ನೀನಲ್ಲ. ಈ ವಯಸ್ಸಿನಲ್ಲಿ ನೀನು ಸುಳ್ಳು ಹೇಳುವುದನ್ನು ಕಲಿತೆಯಲ್ಲ ಎಂದು ದುಃಖವಾಯಿತು.

ಮಾರಿದವನ ಹೆಸರು ನಿನಗೆ ಮರೆತಿಲ್ಲ ಎಂದೂ ಗೊತ್ತು. ಮೂವತ್ತು ಪೆಟ್ಟಿಗೆಯ ರಾಣಿನೊಣಗಳ ವಯಸ್ಸು ನೆನಪಿಟ್ಟುಕೊಳ್ಳುವವಳು ನೀನು. ಯಾರನ್ನು ಮುಚ್ಚಿಡುತ್ತಿದ್ದೀ?

ಯಾಮ್ನಾ


ಐತ್ ಇಸ್ಲಿ, ಜೂನ್ 27

ಯಾಮ್ನಾ,

ನಾನು ಸುಳ್ಳು ಹೇಳಿಲ್ಲ. ಕರಾರು ಬಂದ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಿಸಾನ್ ಮಳೆ ಮುಗಿದು ಎರಡನೇ ದಿನ. ಹಿಡಿದಿಟ್ಟ ಮಳೆನೀರನ್ನು ಬಾಟಲಿಗೆ ತುಂಬುತ್ತಿದ್ದೆ. ನಿಸಾನ್ ಮುಗಿಯುವುದು ಮೇ ಮೂರಕ್ಕೆ. ಮೂರು, ನಾಲ್ಕು, ಐದು. ನಮ್ಮ ಅವ್ವನೂ ಹೀಗೇ ಎಣಿಸುತ್ತಿದ್ದಳು, ಅಜ್ಜಿಯೂ. ಪಟ್ಟಣದಲ್ಲಿ ಬೇರೆ ಥರ ಎಣಿಸುತ್ತಾರೇನೋ, ನನಗೆ ಗೊತ್ತಿಲ್ಲ.

ಹೆಸರು ಬೇಕಲ್ಲ ನಿನಗೆ? ತಗೋ. ಝುಹೈರ್. ನಿನ್ನ ನಾದಿನಿಯ ಮಗ. "ಅತ್ತೆ ಕಳ್ಸಿದ್ರು, ಚಹಾ ಕೊಡ್ತಾಳೆ ದೊಡ್ಡಮ್ಮ ಅಂದ್ರು" ಎಂದು ಬಂದ. ಹೋದ ಚಳಿಗಾಲದಲ್ಲಿ ನೀನೇ ಫೋನಿನಲ್ಲಿ ಹೇಳಿದ್ದೆ, ನಮ್ಮ ಹುಡುಗ ವಿಮೆ ಕಂಪನಿ ಸೇರಿದ್ದಾನೆ, ಆ ಕಡೆ ಬಂದರೆ ಮನೆಯವನಂತೆ ನೋಡಿಕೋ ಎಂದು. ನೋಡಿಕೊಂಡೆ. ಸಂತೆಯಲ್ಲಿ ಉಗಿ ಎಂದು ನೀನು ಬರೆದಾಗ ಹೆಸರು ಹೇಗೆ ಹೇಳಲಿ?

ಈಗ ಹೇಳಿದ್ದೇನೆ. ನಿನಗೆ ಯಾರು ಬೇಕೋ ನೋಡಿಕೋ.

ತೂದಾ


ಐತ್ ಇಸ್ಲಿ, ಜುಲೈ 20

ಯಾಮ್ನಾ,

ಮೂರು ವಾರವಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ಫೋನೂ ಇಲ್ಲ. ಅರ್ಥವಾಯಿತು ನನಗೆ. ಗಂಡನ ಮನೆಯ ಮಾತು ಬಂದಾಗ ಹೆಂಗಸು ಏನು ಮಾಡಬೇಕಾಗುತ್ತದೆ ಎಂಬುದು ನನಗೂ ಗೊತ್ತು. ಸಿಟ್ಟಿನಲ್ಲಿ ಹೆಸರು ಬರೆದೆ, ತಪ್ಪಾಯಿತು. ನಲವತ್ತು ಸಾವಿರಕ್ಕೆ ನಿನ್ನ ಸಂಸಾರದಲ್ಲಿ ಹುಳಿ ಹಿಂಡುವವಳಲ್ಲ ನಾನು.

ಅಸ್ಸೂನಿಗೆ ನಾಳೆ ಹೇಳಿಬಿಡುತ್ತೇನೆ, ಗುಡ್ಡ ಸೇಬಿನವನಿಗೇ ಕೊಟ್ಟುಬಿಡು ಎಂದು. ಪೆಟ್ಟಿಗೆಗಳಲ್ಲಿ ಅರ್ಧ ಮಾರುತ್ತೇನೆ. ಉಳಿದದ್ದನ್ನು ಮನೆಯ ತಾರಸಿಗೆ ತಂದುಕೊಳ್ಳುತ್ತೇನೆ. ತಾರಸಿಯ ಜೇನು ಎಂಥ ಜೇನು ಎಂದು ಕೇಳಬೇಡ.

ತೂದಾ


ಕಾಸಾಬ್ಲಾಂಕಾ, ಆಗಸ್ಟ್ 4

ಅಕ್ಕಾ, ಅಕ್ಕಾ, ಅಕ್ಕಾ,

ಕಂಪನಿಯ ದೊಡ್ಡ ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾಫಿ ತಟ್ಟೆಗೆ ಚೆಲ್ಲಿದೆ. ಗೆದ್ದೆವು. ಪೂರ್ತಿ ನಲವತ್ತು ಸಾವಿರ. ಸಹಿ, ಮೊಹರು ಎರಡೂ ಬಿದ್ದ ಕಾಗದ ನನ್ನ ಚೀಲದಲ್ಲಿದೆ. ಐದು ಸಲ ತೆಗೆದು ನೋಡಿದೆ.

ಈಗ ಮೊದಲಿನಿಂದ ಹೇಳುತ್ತೇನೆ. ನಿನ್ನ ನಿಸಾನ್ ಮಳೆಯ ಕಾಗದ ಬಂದ ದಿನ, ಬೇಸರದಲ್ಲಿ, ನಿನ್ನ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿದೆ. ನನ್ನ ಬೈಗುಳದ ಕಾಗದ ಬರೆದದ್ದು ಜುಲೈ 3ಕ್ಕೆ. ಅದಕ್ಕೆ ನೀನು ಕೊಟ್ಟ ಉತ್ತರದ ಮೇಲೆ ಜೂನ್ 27 ಎಂದಿದೆ. ನಾನು ಬೈಯುವ ಆರು ದಿನ ಮೊದಲೇ ನೀನು ಅತ್ತಿದ್ದೀ! ಹಿಂದಿನದನ್ನು ನೋಡಿದರೆ, ನಾನು ಜೂನ್ 8ಕ್ಕೆ "ಕಳಿಸು" ಎಂದದ್ದಕ್ಕೆ ನೀನು ಮೇ 31ಕ್ಕೇ "ಕಳಿಸಿದೆ" ಎಂದಿದ್ದೀ. ನಿಮ್ಮ ಅಂಚೆಯವನು ಆಮೆಯ ಮೇಲೆ ಕೂತಿರಲಿಲ್ಲ ಅಕ್ಕಾ. ನೀನು ನಮ್ಮ ಬೆಟ್ಟದವರ ಹಳೆಯ ಹೊಲದ ಪಂಚಾಂಗದಲ್ಲಿ ತಾರೀಖು ಬರೆಯುತ್ತಿದ್ದೆ.

ಹೊಲದ ಮೇ 5 ಅಂದರೆ ಸರ್ಕಾರದ ಮೇ 18. ಹೊಲದ ಲೆಕ್ಕ ಹದಿಮೂರು ದಿನ ಹಿಂದೆ. ತಿಂಗಳ ಹೆಸರು ಎರಡಕ್ಕೂ ಒಂದೇ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಬಿತ್ತನೆ, ನಿಸಾನ್, ಜೇನು ಎಲ್ಲಕ್ಕೂ ನೀನು ನೋಡುವುದು ಅದನ್ನೇ. ಬದುಕೆಲ್ಲ ನಿನ್ನನ್ನು ಒಮ್ಮೆಯೂ ಕೈಬಿಡದ ತಾರೀಖನ್ನು ನೀನು ಆ ಚೀಟಿಯ ಮೇಲೆ ಬರೆದೆ, ಅಷ್ಟೆ. ಮಕ್ಕಳ ಪದ್ಯದಲ್ಲಿ ಒಂದು ಮಾತ್ರೆ ಜಾರಿದರೂ ಕೆಂಪು ಶಾಯಿಯಲ್ಲಿ ಸುತ್ತುವವಳು ನಾನು. ಅಕ್ಕನ ಕಾಗದದ ನೆತ್ತಿಯ ಮೇಲೆ ಇದ್ದದ್ದನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಓದಲಿಲ್ಲ. ಅದೇ ಬೆಟ್ಟದಲ್ಲಿ ಹುಟ್ಟಿ, ಮೂವತ್ತು ವರ್ಷ ಗೋಡೆಯ ಕ್ಯಾಲೆಂಡರ್ ನೋಡಿ ಮರೆತೆ. ನಿನ್ನನ್ನು ಸುಳ್ಳುಗಾತಿ ಎಂದೆ. ಹಣ ಕೈಗೆ ಬರುವವರೆಗೆ ನಿನಗೆ ಮುಖ ತೋರಿಸಲಾರೆ ಎಂದುಕೊಂಡು ಕಾಗದ ಬರೆಯಲಿಲ್ಲ. ಅದೊಂದೇ ಕಾರಣ. ಬೇರೇನೋ ಅಂದುಕೊಂಡಿದ್ದರೆ ಈಗಲೇ ಒರೆಸಿಹಾಕು.

ಮನೆಯಲ್ಲಿ ರಂಪವಾಯಿತು, ನಿಜ. ನಾದಿನಿ ಬಂದು, "ಮನೆ ಹುಡುಗನ ಅನ್ನ ಕಿತ್ಕೋತೀಯಾ?" ಎಂದು ಎದೆ ಬಡಿದುಕೊಂಡಳು.

"ಯಾರು ಯಾರ ಅನ್ನ ಕಿತ್ಕೊಂಡಿದ್ದು, ನಿನ್ನ ಮಗನ್ನೇ ಕೇಳು" ಎಂದೆ.

ಝುಹೈರ್ ತಲೆಯೆತ್ತಲಿಲ್ಲ. "ಅತ್ತೆ, ಹುಂಡಿ ಅಂತಾನೇ ಹೇಳಿ ಅಂತ ನಮ್ಗೆ ಹೇಳ್ಕೊಟ್ಟಿದ್ರು. ಮೂವತ್ತು ದಿನದ್ದು ಹೇಳ್ಬೇಡಿ, ಅವ್ರಾಗೇ ಕೇಳಿದ್ರೆ ಮಾತ್ರ ಅಂತ" ಎಂದ.

"ಗೊತ್ತಿಲ್ದಿರೋರು ಹೇಗೋ ಕೇಳ್ತಾರೆ, ಮಂಕೇ?" ಎಂದೆ. ಈವತ್ತು ಬೆಳಿಗ್ಗೆ ನಾನು ರೈಲು ಹತ್ತುವಾಗ ಅವನು ನಿಲ್ದಾಣದಲ್ಲಿ ನಿಂತಿದ್ದ. ನಾನು ಕರೆದಿರಲಿಲ್ಲ.

ದೂರು ವಿಭಾಗದವನು ಒಳ್ಳೆಯ ಟೈ ಕಟ್ಟಿದ ಸಭ್ಯ ಮನುಷ್ಯ. ಫೈಲು ತೆರೆದು, "ಮೇಡಂ, ತಾರೀಖು ನಿಮ್ಮ ಅಕ್ಕನವರದ್ದೇ ಕೈಬರಹ" ಎಂದ.

"ಹೌದು. ಅಕ್ಷರ ದುಂಡಗಿದೆ ಅಲ್ವಾ?" ಎಂದೆ. ಹೊಲದ ಪಂಚಾಂಗದ ಮಾತು ವಿವರಿಸಿದೆ. ಝುಹೈರ್ ಎದ್ದು ನಿಂತು, ನಾನು ಕರಾರು ಕೊಟ್ಟದ್ದು ಹದಿನೆಂಟಕ್ಕೆ ಎಂದ. ಆ ಮನುಷ್ಯ ನಕ್ಕ. "ಇವ್ರು ನಿಮ್ಮ ಸಂಬಂಧಿ. ಇನ್ನು ಆ ಪಂಚಾಂಗ ಅದೆಲ್ಲ ಹಳ್ಳಿಯದ್ದು. ಕಂಪನಿಗೆ ಅನ್ವಯಿಸಲ್ಲ ಮೇಡಂ."

"ಸರಿ ಬಿಡಿ. ನಿಮ್ಮ ಪಂಚಾಂಗದಲ್ಲೇ ಮಾತಾಡೋಣ. ಕರಾರಿನ ಕೊನೇ ಪುಟ ತೆಗೀರಿ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ?"

ಅವನು ಕನ್ನಡಕ ಹಾಕಿಕೊಂಡ. "ಮುದ್ರಣ, ಮೇ 14" ಎಂದು ಓದಿದ.

"ಹದಿನಾಲ್ಕಕ್ಕೆ ಅಚ್ಚಾದ ಕಾಗದ ಐದಕ್ಕೇ ನಮ್ಮಕ್ಕನ ಕೈಗೆ ಹೇಗೆ ಬಂತು? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಾ?"

ಹಿಂದಿನ ಮೇಜಿನ ಹುಡುಗಿ ಕಿಸಕ್ಕನೆ ನಕ್ಕಳು. ಅವನು ಅವಳನ್ನು ದುರುಗುಟ್ಟಿ ನೋಡಿದ. "ಹಾಗಾದ್ರೆ ಯಾವ ದಿನದಿಂದ ಎಣಿಸ್ಬೇಕು ಅಂತೀರಿ?"

"ನಮ್ಮ ಹುಡುಗನ ಮಾತು ನಂಬಬೇಡಿ. ಹೊಲದ ಲೆಕ್ಕಾನೂ ಬೇಡ. ಆ ಕಾಗದ ಯಂತ್ರದಿಂದ ಬಿಸಿಬಿಸಿಯಾಗಿ ಹಾರಿ ಅದೇ ದಿನ ಬೆಟ್ಟಕ್ಕೆ ಬಂತು ಅಂತ್ಲೇ ಇಟ್ಕೊಳ್ಳಿ. ಮೇ 14ರಿಂದ ಎಣಿಸಿ."

ಪೆನ್ನಿನ ತುದಿಯಿಂದ ಮೇಜಿನ ಕ್ಯಾಲೆಂಡರಿನ ಮನೆಗಳನ್ನು ಒಂದೊಂದಾಗಿ ಎಣಿಸಿದ. ಮೂವತ್ತನೆಯದು ಜೂನ್ 13ಕ್ಕೆ ಬಂದು ನಿಂತಿತು. ಅಂಚೆಯ ಠಸ್ಸೆ ಜೂನ್ 12. ಮತ್ತೊಮ್ಮೆ ಎಣಿಸಿದ. ಕ್ಯಾಲೆಂಡರ್ ಕರುಣೆ ತೋರಲಿಲ್ಲ. ನಿಜವಾದ ಲೆಕ್ಕದಲ್ಲಿ ನಿನಗೆ ಐದು ದಿನ ಉಳಿದಿತ್ತು. ಅವರಿಗೆ ಅತಿ ಅನುಕೂಲವಾದ ಲೆಕ್ಕದಲ್ಲೂ ಒಂದು ದಿನ ಉಳಿಯಿತು.

ಅವನು ಎದ್ದು ಒಳಗೆ ಹೋದ. ಅರ್ಧ ಗಂಟೆ. ಝುಹೈರ್ ಉಗುರು ಕಚ್ಚುತ್ತಿದ್ದ. ನಾನು ನೀನು ಬರೆದ ಆ "5" ಅನ್ನೇ ನೋಡುತ್ತಿದ್ದೆ. ಎಷ್ಟು ನಿಧಾನವಾಗಿ, ಎಷ್ಟು ಗೌರವದಿಂದ ಬರೆದಿದ್ದೀ. ನಾನು ಓದಿದ ಎಷ್ಟೋ ಪದ್ಯಗಳನ್ನು ಬರೆದವರು ಒಂದು ಅಕ್ಷರವನ್ನು ಅಷ್ಟು ನಂಬಿ ಬರೆದಿರಲಿಕ್ಕಿಲ್ಲ.

ಹೊರಗೆ ಬಂದವನ ಕೈಯಲ್ಲಿ ಮೊಹರು ಬಿದ್ದ ಕಾಗದವಿತ್ತು. ಮೂರು ವಾರದೊಳಗೆ ಹಣ ನಿನ್ನ ಹೆಸರಿಗೆ ಬರುತ್ತದೆ. ಹದ್ಹೂಮ್ ಮುದುಕಿಗೆ ಹೇಳು: ಹೆಬ್ಬೆಟ್ಟು ಒತ್ತಿದ್ದರೆ ಕಂಪನಿಯವರು ತಮಗೆ ಬೇಕಾದ ತಾರೀಖು ತುಂಬಬಹುದಿತ್ತು, ಅದು ತಪ್ಪು ಎನ್ನಲು ನಿನ್ನ ಕೈಯ ಒಂದು ಗೆರೆಯೂ ಇರುತ್ತಿರಲಿಲ್ಲ. ಅಸ್ಸೂನಿಗೆ ಇವತ್ತೇ ಹೇಳು, ಗುಡ್ಡ ನಿನ್ನದು ಎಂದು.

ಕ್ಷಮಿಸು ಎಂದು ಬರೆದರೆ ಚಿಕ್ಕದಾಗುತ್ತದೆ. ಬಂದು ಹೇಳುತ್ತೇನೆ.

ನಿನ್ನ ಯಾಮ್ನಾ


ಐತ್ ಇಸ್ಲಿ, ಸರ್ಕಾರದ ಲೆಕ್ಕದಲ್ಲಿ ಸೆಪ್ಟೆಂಬರ್ 24, ನಮ್ಮ ಲೆಕ್ಕದಲ್ಲಿ 11

ನನ್ನ ಯಾಮ್ನಾಗೆ,

ನಿನ್ನ ಕಾಗದ ಬಂದಾಗ ಅಸ್ಸೂನಿಗೆ ಹೇಳಿಬಿಟ್ಟಿದ್ದೆ, ಗುಡ್ಡ ಕೊಟ್ಟುಬಿಡು ಎಂದು. ಕಾಗದ ಹಿಡಿದು ಅವನ ಮನೆಗೆ ಓಡಿದೆ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತಂತೆ, ಅವನ ಹೆಂಡತಿ ಈಗಲೂ ಎಲ್ಲರ ಮುಂದೆ ಆಡಿ ತೋರಿಸುತ್ತಾಳೆ. "ಸೇಬಿನವನ ಹತ್ರ ಮುಂಗಡ ತಗೊಂಡ್ಯಾ?" ಎಂದೆ. "ನೀನು ಬೇಡ ಅಂದಾಗ ನಿನ್ ಮುಖ ನೋಡ್ದೆ ಅತ್ತಿಗೆ. ಅವನಿಗೆ ಹತ್ತು ದಿನ ಬಿಟ್ಟು ಹೇಳೋಣ ಅಂತ ಸುಮ್ನಿದ್ದೆ" ಎಂದ. ಅವನಲ್ಲಿ ಅಷ್ಟು ಬುದ್ಧಿ ಇದೆ ಎಂದು ಮೂವತ್ತು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಹಣ ಬಂತು. ಹೋದ ಮಂಗಳವಾರ ಪಟ್ಟಣದಲ್ಲಿ ಕ್ರಯಪತ್ರ ಬರೆಯುವ ಅದೂಲರ ಮುಂದೆ ಕೂತು ಗುಡ್ಡದ ಪತ್ರ ಮಾಡಿಸಿದೆವು. ಪತ್ರ ಬರೆದ ಹಿರಿಯ ಅದೂಲರು ಓದಿ ಹೇಳಲು ಗಂಟಲು ಸರಿಮಾಡಿಕೊಂಡರು. "ಕೊಡಿ ಯಜಮಾನ್ರೇ, ನಾನೇ ಓದ್ತೀನಿ" ಎಂದೆ. ಗಡಿ, ಬಾವಿ, ದಾರಿ, ಎಲ್ಲ ಓದಿದೆ. ಒಂದು ಕಡೆ ಪೂರ್ವ ಎಂದಿರಬೇಕಾದಲ್ಲಿ ಪಶ್ಚಿಮ ಎಂದಿತ್ತು. ತಿದ್ದಿಸಿದೆ. ಅವರು ನನ್ನನ್ನು ಒಂಥರಾ ನೋಡಿದರು. ಅಸ್ಸೂ ಮಾತ್ರ ಎದೆಯುಬ್ಬಿಸಿ, "ನಮ್ಮತ್ತಿಗೆ" ಎಂದ.

ಝುಹೈರ್ ಬಂದಿದ್ದ. ಕಂಪನಿ ಬಿಟ್ಟಿದ್ದಾನೆ. ನಾನು ಚಹಾ ಕೊಟ್ಟೆ, ಆದರೆ ಸುಮ್ಮನೆ ಬಿಡಲಿಲ್ಲ. ತರಗತಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಇಲ್ಲಿ ಯಾರ ಯಾರ ಹತ್ತಿರ ವಿಮೆ ಕಾಗದ ಇದೆಯೋ ತನ್ನಿ ಎಂದೆ. ಏಳು ಜನ ತಂದರು, ಬೇರೆ ಬೇರೆಯವರು ಮಾರಿದ್ದು. ಒಂದೊಂದನ್ನೂ ಓದಿಸಿದೆ: ಎಷ್ಟು ವರ್ಷ, ವರ್ಷಕ್ಕೆ ಎಷ್ಟು, ಮಧ್ಯೆ ಬಿಟ್ಟರೆ ಏನು, ಬೇಡ ಎನ್ನಲು ಎಷ್ಟು ದಿನ. ಇಬ್ಬರಿಗೆ ಇನ್ನೂ ದಿನ ಉಳಿದಿತ್ತು, ಅವತ್ತೇ ಅಂಚೆಗೆ ಹಾಕಿದರು. ಒಬ್ಬಳು, ನನ್ನದು ಒಳ್ಳೆಯ ಕರಾರು, ಮಗಳ ಮದುವೆಗೆ ಆಗುತ್ತದೆ, ಇಟ್ಟುಕೊಳ್ಳುತ್ತೇನೆ ಎಂದಳು. ತಿಳಿದು ಇಟ್ಟುಕೊಂಡರೆ ಯಾರು ಬೇಡ ಅನ್ನುತ್ತಾರೆ? ಹದ್ಹೂಮ್ ಮುದುಕಿ ಅಕ್ಷರ ಕಲಿಯಲು ಹೆಸರು ಕೊಟ್ಟಿದ್ದಾಳೆ. ಇಷ್ಟು ದಿನ ಅವಳು ಬರುತ್ತಿದ್ದದ್ದು ಹರಟೆಗೆ.

ನಿನ್ನೆ ಒಂದು ಗಮ್ಮತ್ತು ನಡೆಯಿತು. ಆ ಸೇಬಿನವನು ದೊಡ್ಡ ಗಾಡಿಯಲ್ಲಿ ಬಂದ. ಗುಡ್ಡ ಸಿಗದೆ ಹೊಳೆಯಾಚೆ ಫಲಕ್ಕೆ ಬಂದ ಸೇಬಿನ ತೋಟವನ್ನೇ ಕೊಂಡಿದ್ದಾನಂತೆ. ಹೂ ಬಿಡುವ ಕಾಲಕ್ಕೆ ನೊಣ ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲವಲ್ಲ, ಅದಕ್ಕೆ ನನ್ನ ಹತ್ತು ಪೆಟ್ಟಿಗೆ ಬಾಡಿಗೆಗೆ ಬೇಕಂತೆ.

"ಕರಾರು ಬರ್ಕೊಂಡೇ ಬಂದಿದ್ದೀನಿ ಅಮ್ಮಾ, ನಾಲ್ಕೇ ಪುಟ. ಇಲ್ಲಿ ಕೆಳಗೆ ಒಂದು ಸಹಿ ಹಾಕಿದ್ರೆ ಸಾಕು" ಎಂದು ಪೆನ್ನಿನ ಟೋಪಿ ತೆಗೆದು ನನ್ನ ಕಡೆ ಚಾಚಿದ.

"ಕೂತ್ಕೊಳಪ್ಪಾ" ಎಂದು ಪುದೀನ ಹಾಕಿದ ಚಹಾ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತೆ. ಔಷಧಿ ಹೊಡೆಯುವ ದಿನದ ಮಾತು ಎಲ್ಲಿದೆ ಎಂದು ಹುಡುಕುತ್ತಾ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ಅವನು ಗಡಿಯಾರ ನೋಡಿದ. ಕೆಮ್ಮಿದ. ಎದ್ದು ನಿಂತ, ಮತ್ತೆ ಕೂತ. ಚಹಾ ತಣ್ಣಗಾಯಿತು. ನಾನಿನ್ನೂ ಎರಡನೇ ಪುಟದಲ್ಲಿದ್ದೆ.

ನಿನ್ನ ಅಕ್ಕ, ತೂದಾ